ಅಂಗೈ ಬೆವರು: ನಾಚಿಕೆ ಬಿಡಿ, ದವಾಖಾನೆಗೆ ನಡೀರಿ

ಅಕ್ಕಲಕೋಟೆ: ಮೊನ್ನೆ ನಮ್ಮ ಓಣಿಯ ರೇಷನ್ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ಮಷಿನ್ ಮೇಲೆ ಹೆಬ್ಬೆಟ್ಟು ಇಟ್ಟಳು. ಮಷಿನ್ ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು, ಮತ್ತೂ ಒಪ್ಪಲಿಲ್ಲ. ಮೂರನೇ ಸಲ ಅಂಗಡಿಯವ, 'ಕೈ ಭಾಳ ಹಸಿ ಅದಾವ ನೋಡ್ರಿ ಅಕ್ಕಾರ, ಒರಸ್ಕೊಂಡು ಬರ್ರಿ' ಅಂದ. ಸಾಲಿನಲ್ಲಿದ್ದ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಆಕೆ ಚೀಲ ಮಡಚಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು.

ಆ ಸಾಲಿನಲ್ಲಿ ನಾನೂ ಇದ್ದೆ. ಕಿಸೆಯಿಂದ ಒಂದು ಒಣ ಕರವಸ್ತ್ರ ತೆಗೆದು ಕೊಟ್ಟೆ. 'ನಿಮಗ ಬೇಕಾಗಂಗಿಲ್ಲೇನ್ರಿ?' ಅಂತ ಕೇಳಿದಳು. ಇನ್ನೊಂದು ಅದ ಅಂದೆ. ನಿಜ ಹೇಳಬೇಕಂದರೆ ಇನ್ನೂ ಎರಡು ಇದ್ದವು. ಹತ್ತನೇ ವಯಸ್ಸಿನಿಂದ ಮೂರು ಕರವಸ್ತ್ರ ಇಟ್ಟುಕೊಂಡು ತಿರುಗುವವ ನಾನು. ಈಗ ಮೂವತ್ತೈದು.

ನಮ್ಮ ಸೀಮೆಯಲ್ಲಿ ಬೆವರಿಗೆ ಮರ್ಯಾದೆ ಇದೆ. ಬೆವರು ಸುರಿಸಿ ದುಡಿದವ ಅಂದರೆ ಹೊಗಳಿಕೆ. ಮರಾಠಿಯವರೂ 'ಘಾಮ್ ಗಾಳಣೆ' ಅಂದರೆ ದುಡಿಮೆ ಅಂತಲೇ ಹೇಳುತ್ತಾರೆ. ಆದರೆ ಫ್ಯಾನಿನ ಕೆಳಗೆ ಸುಮ್ಮನೆ ಕೂತವನ ಅಂಗೈಯಿಂದ ನೀರು ತೊಟ್ಟಿಕ್ಕಿದರೆ? ಅದಕ್ಕೆ ಮರ್ಯಾದೆ ಇಲ್ಲ, ನಗು ಇದೆ. ಹೀಗಾಗಿ ಈ ತೊಂದರೆ ಇದ್ದವರು ಯಾರ ಮುಂದೂ ಬಾಯಿ ಬಿಡುವುದಿಲ್ಲ. ಟವೆಲ್ಲಿಗೇ ಹೆಸರಾದ ಸೋಲಾಪುರ ಜಿಲ್ಲೆಯಲ್ಲಿ ನಮ್ಮಂಥವರು ಟವೆಲ್ ಮುಚ್ಚಿಟ್ಟುಕೊಂಡು ಓಡಾಡುತ್ತೇವೆ.

ತೋಯ್ದ ಖಡು, ತೋಯ್ದ ಕಿರ್ದಿ

ನಾನು ಕನ್ನಡ ಶಾಲೆಯಲ್ಲಿ ಕಲಿತವ. 2006ರ ಮಾರ್ಚದಲ್ಲಿ ಹತ್ತನೇತ್ತೆ ಪರೀಕ್ಷೆ. ಉತ್ತರಪತ್ರಿಕೆ ಮೇಲೆ ಅಂಗೈ ಇಟ್ಟಲ್ಲೆಲ್ಲ ಹಾಳೆ ತೋಯ್ದು ಉಬ್ಬುತ್ತಿತ್ತು, ಅಕ್ಷರ ಹರಡುತ್ತಿತ್ತು. ಗಣಿತದ ಆಲೇಖ ಹಾಳೆಯ ಚೌಕಗಳೇ ಕಾಣದಂತಾದವು. ಮೇಲ್ವಿಚಾರಣೆಗೆ ಬಂದ ಸರ್, 'ಏನೋ, ನೀರಾಗ ಬರಿಲಿಕ್ಕತ್ತೀಯೇನು?' ಅಂದರು. ಇಡೀ ಖೋಲಿ ನಕ್ಕಿತು. ಆಮೇಲೆ ಬೆವರು ಇನ್ನೂ ಜಾಸ್ತಿ.

ಬಿ.ಕಾಂ. ಮುಗಿಸಿ ದುಧನಿಯ ಒಂದು ಅಡತ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದೆ. ತೊಗರಿ ಸುಗ್ಗಿಯಲ್ಲಿ ರೈತರು ಸಾಲುಗಟ್ಟಿ ನಿಂತಿರುತ್ತಾರೆ. ಪಾವತಿ ಬರೆಯಬೇಕು, ನೋಟು ಎಣಿಸಬೇಕು. ನಾನು ಎಣಿಸಿದ ನೋಟು ಒಂದಕ್ಕೊಂದು ಅಂಟುತ್ತಿದ್ದವು. ಒಮ್ಮೆ ಒಬ್ಬ ಹಿರಿಯ ರೈತರಿಗೆ ಎರಡು ನೂರರ ನೋಟು ಹೆಚ್ಚಿಗೆ ಹೋದವು. ಪುಣ್ಯಾತ್ಮರು, ಮರುದಿನ ತಂದುಕೊಟ್ಟರು. ಸಾವಕಾರರು ಬೈಯಲಿಲ್ಲ. ಆದರೆ ಅಂದಿನಿಂದ ಗಲ್ಲೆಯ ಕೆಲಸ ಬೇರೆಯವನಿಗೆ ಹೋಯಿತು, ನನಗೆ ಬರೀ ಕಿರ್ದಿ-ಖಾತೆ ಉಳಿಯಿತು. ಕಿರ್ದಿಯ ಕೆಳಗೂ ರದ್ದಿ ಪೇಪರ್ ಇಟ್ಟುಕೊಂಡೇ ಬರೆಯುತ್ತಿದ್ದೆ.

ಕನ್ಯಾ ನೋಡಲು ಹೋದಾಗಿನ ಸಂಗತಿ ಇನ್ನೊಂದು. ಚಹಾದ ಕಪ್ಪು-ಬಸಿ ಕೈಯಿಂದ ಜಾರಿತು. 'ಹುಡುಗ ಭಾಳ ಅಂಜಬುರಕ ಕಾಣಸ್ತಾನ' ಅಂತ ಆ ಕಡೆಯವರು ಹೇಳಿ ಕಳಿಸಿದರು. ಅಂಜಿಕೆ ಇರಲಿಲ್ಲ, ಕಪ್ಪು ಹಿಡಿಯಲು ಕೈ ಒಣಗಿರಲಿಲ್ಲ ಅಷ್ಟೆ. ಆದರೆ ಅದನ್ನು ಹೇಳುವುದು ಯಾರಿಗೆ?

ಪಟಕ, ಪಾವಡರ್, ದಾರ

ಉಪಾಯ ಹೇಳುವವರಿಗೆ ಕೊರತೆ ಇರಲಿಲ್ಲ. ಪಟಕದ ನೀರಿನಲ್ಲಿ ಕೈ ಅದ್ದು ಅಂದರು ಒಬ್ಬರು. ಚಹಾಪುಡಿ ಕುದಿಸಿದ ನೀರು ಅಂದರು ಇನ್ನೊಬ್ಬರು. ಎರಡೂ ತಾಸೊಪ್ಪತ್ತು ಕೈಯನ್ನು ಬಿಗಿ ಮಾಡುತ್ತವೆ, ಆಮೇಲೆ ಯಥಾಪ್ರಕಾರ. ಪಾವಡರ್ ಹಚ್ಚಿದರೆ ಅಂಗೈಯಲ್ಲಿ ಕೆಸರು. 'ಉಷ್ಣ ಆಗೇದ, ಮಜ್ಜಿಗಿ ಕುಡಿ' ಅಂದರು. ಉಪ್ಪು ಕಡಿಮೆ ಮಾಡು ಅಂದರು. ಒಬ್ಬರು ದಾರ ಕಟ್ಟಿಸಿದರು. ಆ ದಾರವೂ ತೋಯ್ದು ಬಣ್ಣ ಬಿಟ್ಟಿತು.

ಕೊನೆಗೆ ಊರ ಡಾಕ್ಟರರು ಸಕ್ಕರೆ, ಥೈರಾಯ್ಡ್ ರಕ್ತ ತಪಾಸಣೆ ಮಾಡಿಸಿ, ಎರಡೂ ಸರಿ ಇವೆ ಅಂದಮೇಲೆ, 'ಸೋಲಾಪುರಕ್ಕ ಹೋಗಿ ಚರ್ಮದ ಡಾಕ್ಟರಿಗೆ ತೋರಸ್ರಿ' ಅಂದರು. ಬೆವರಿಗೂ ಡಾಕ್ಟರ್ ಇರುತ್ತಾರೆ ಅಂತ ನನಗೆ ಗೊತ್ತಾದದ್ದು ಆಗಲೇ.

ಎರಡು ಪ್ರಶ್ನೆ

ಆ ಚರ್ಮರೋಗ ತಜ್ಞರು ಮೊದಲು ಕೇಳಿದ ಪ್ರಶ್ನೆ: 'ಮಲಗಿದಾಗ ಕೈ ಹ್ಯಾಂಗ ಇರ್ತಾವ?' ನನಗೆ ತಟ್ಟನೆ ಅವ್ವನ ಮಾತು ನೆನಪಾಯಿತು. ಚಿಕ್ಕಂದಿನಲ್ಲಿ ಅವ್ವ ಅನ್ನುತ್ತಿದ್ದಳು, 'ಎದ್ದಾಗ ನೀರು, ಮಲಗಿದಾಗ ಅರಳಿ ಇದ್ದಂಗ ಇರ್ತಾವ ಈ ಹುಡುಗನ ಕೈ.' ಅದನ್ನೇ ಹೇಳಿದೆ. ಡಾಕ್ಟರರು ತಲೆ ಹಾಕಿ ಬರೆದುಕೊಂಡರು.

ಎರಡನೇ ಪ್ರಶ್ನೆ: 'ಮನ್ಯಾಗ ಮತ್ತ ಯಾರಿಗರೆ ಅದ ಏನು?' ಇಲ್ಲ ಅಂದೆ. 'ವಿಚಾರ ಮಾಡಿ ಹೇಳ್ರಿ' ಅಂದರು.

ಹೊರಗೆ ಬಂದು ಅಪ್ಪನಿಗೆ ಫೋನ್ ಹಚ್ಚಿದೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ, ನಿವೃತ್ತಿಯಾಗಿದೆ. 'ಅಪ್ಪಾ, ನಿನ್ನ ಕೈ ಬೆವರತಾವೇನು?' ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದ, 'ಫಳ್ಯಾದ ಮ್ಯಾಲೆ ಬರಿಯೋ ಮುಂದ ಖಡು ತೋಯ್ತಿತ್ತು. ಅದಕ್ಕ ಅದರ ಸುತ್ತ ಕಾಗದ ಸುತ್ತಿ ಹಿಡೀತಿದ್ದೆ. ಮೂವತ್ತಾರು ವರ್ಷ ಹಂಗ ಬರದೀನಿ. ಯಾರಿಗೂ ಹೇಳಿಲ್ಲ.'

ಒಂದೇ ಮನೆ, ಒಂದೇ ತಟ್ಟೆಯ ಊಟ. ಮೂವತ್ತು ವರ್ಷ ಅಪ್ಪನೂ ಮಗನೂ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದು ಇಷ್ಟೇ.

ಏನಿದು ಬೇನೆ?

ಡಾಕ್ಟರರು ತಿಳಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಇದಕ್ಕೆ ಹೈಪರ್‌ಹೈಡ್ರೋಸಿಸ್ ಅಂತ ಹೆಸರು, ಅಂದರೆ ಅತಿ ಬೆವರು. ಮನುಷ್ಯನ ಮೈಯಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಅಂಗೈ, ಅಂಗಾಲಿನಲ್ಲಿ ಅವು ಬಹಳ ದಟ್ಟ. ಮೈ ಕಾದಾಗ ತಂಪು ಮಾಡುವುದು ಬೆವರಿನ ಕೆಲಸ. ಆದರೆ ಅಂಗೈ, ಅಂಗಾಲಿನ ಗ್ರಂಥಿಗಳು ಬಿಸಿಲಿಗಿಂತ ಹೆಚ್ಚಾಗಿ ಮನಸ್ಸಿನ ಗಡಿಬಿಡಿಗೆ ಓಗೊಡುತ್ತವೆ. ನಮ್ಮಂಥವರಲ್ಲಿ ಗ್ರಂಥಿ ಕೆಟ್ಟಿರುವುದಿಲ್ಲ. ಅವುಗಳಿಗೆ ಹುಕುಂ ಕೊಡುವ ನರಗಳು ಬೇಡವಾದಾಗಲೂ ಹುಕುಂ ಕೊಡುತ್ತವೆ.

ಹೀಗಾಗಿ ಇದು ಅಂಜುಬುರುಕತನ ಅಲ್ಲ, ಹೊಲಸುತನವೂ ಅಲ್ಲ. ಬೆವರು ಅಂದರೆ ಬಹುಪಾಲು ನೀರು, ಮೇಲೆ ಒಂದಿಷ್ಟು ಉಪ್ಪು. ಕೈ ಮುಟ್ಟಿದರೆ ಅಂಟುವ ರೋಗ ಅಲ್ಲ. ಆದರೆ 'ಎಲ್ಲರೂ ನೋಡ್ತಾರ' ಅನ್ನುವ ಚಿಂತೆ ಬಂತೆಂದರೆ ಬೆವರು ಏರುತ್ತದೆ, ಬೆವರು ಏರಿತೆಂದರೆ ಚಿಂತೆ ಏರುತ್ತದೆ. ಚಕ್ರಬಡ್ಡಿ ಇದ್ದಂತೆ.

ಇದನ್ನು ಗುರುತಿಸಲು ವೈದ್ಯರು ಕೆಲವು ಲಕ್ಷಣ ನೋಡುತ್ತಾರೆ. ಬೇರೆ ಕಾರಣವಿಲ್ಲದೆ ಆರು ತಿಂಗಳಿಗಿಂತ ಹೆಚ್ಚು ದಿನ ಅತಿ ಬೆವರು ಇರಬೇಕು. ಅದರ ಜೊತೆಗೆ ಎಡಬಲ ಎರಡೂ ಕಡೆ ಸಮನಾಗಿ ಬರುವುದು, ವಾರಕ್ಕೆ ಒಮ್ಮೆಯಾದರೂ ಕಾಡುವುದು, 25 ವಯಸ್ಸಿನೊಳಗೆ ಶುರುವಾಗುವುದು, ಮನೆತನದಲ್ಲಿ ಇನ್ನೊಬ್ಬರಿಗೆ ಇರುವುದು, ನಿದ್ದೆಯಲ್ಲಿ ನಿಲ್ಲುವುದು, ದಿನದ ಕೆಲಸಕ್ಕೆ ತೊಡಕಾಗುವುದು, ಇವುಗಳಲ್ಲಿ ಎರಡಾದರೂ ಇರಬೇಕು. ನನಗೆ ಆರೂ ಇದ್ದವು. ಪರೀಕ್ಷೆಯಲ್ಲಿ ಬಾರದ ಪೂರಾ ಮಾರ್ಕು ಇಲ್ಲಿ ಬಂದವು.

ಇದು ಅಪರೂಪದ ಬೇನೆಯೂ ಅಲ್ಲ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಅಲ್ಲಿ ನೂರಕ್ಕೆ 2.8 ಜನರಿಗೆ ಅತಿ ಬೆವರು ಇತ್ತು.

ಔಷಧದ ಮೆಟ್ಟಿಲು

ಇದರ ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಇದೆ. ಕೆಳಗಿನ ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಜಿಗಿಯಬಾರದು.

ಮೊದಲನೆಯದು ಹಚ್ಚುವ ಔಷಧ. ಅಲ್ಯುಮಿನಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣ, ಸಾಮಾನ್ಯವಾಗಿ ನೂರಕ್ಕೆ 20ರಷ್ಟು ಪ್ರಮಾಣದ್ದು. ಇದು ಬೆವರಿನ ನಾಳದ ಬಾಯಿಗೆ ಬೂಚು ಹಾಕಿದಂತೆ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಸೆಂಟು ಬೇರೆ, ಇದು ಬೇರೆ. ಸೆಂಟು ವಾಸನೆ ಮುಚ್ಚುತ್ತದೆ, ಬೆವರು ನಿಲ್ಲಿಸುವುದಿಲ್ಲ.

ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಮೊದಲ ದಿನ ಕೈ ತೊಳೆದು ಒದ್ದೆ ಇರುವಾಗಲೇ ಹಚ್ಚಿಕೊಂಡೆ. ಮೆಣಸಿನಕಾಯಿ ಅರೆದಂತೆ ಉರಿ. 'ಈ ಔಷಧ ನನಗ ಆಗಿ ಬರೂದಿಲ್ಲ' ಅಂತ ಬಾಟಲಿ ಎತ್ತಿಟ್ಟುಬಿಟ್ಟೆ. ತಿಂಗಳ ನಂತರ ಡಾಕ್ಟರರು ಗದರಿದರು. ನೀರಿನ ಜೊತೆ ಕೂಡಿದರೆ ಅದು ಆಮ್ಲವಾಗಿ ಚರ್ಮ ಸುಡುತ್ತದೆ. ರಾತ್ರಿ ಮಲಗುವಾಗ, ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಬೇಕು, ಮುಂಜಾನೆ ಎದ್ದು ತೊಳೆಯಬೇಕು. ರಾತ್ರಿ ಬೆವರು ನಿಂತಿರುತ್ತದೆ, ಆಗಲೇ ಔಷಧ ಒಳಗೆ ಕೂಡುತ್ತದೆ. ಹತೋಟಿಗೆ ಬಂದ ಮೇಲೆ ವಾರಕ್ಕೆ ಒಂದೆರಡು ಸಲ ಸಾಕು. ಕಂಕುಳಿಗೆ ಇದು ಚಲೋ ನಡೆಯುತ್ತದೆ. ಅಂಗೈಯ ಚರ್ಮ ದಪ್ಪ, ಹೀಗಾಗಿ ನನಗೆ ಅರ್ಧವಷ್ಟೇ ಗುಣ ಕಂಡಿತು.

ಎರಡನೆಯದು ನೀರು-ಕರೆಂಟಿನ ಚಿಕಿತ್ಸೆ, ಅಯಾಂಟೋಫೊರೆಸಿಸ್. ಎರಡು ತಟ್ಟೆಯಲ್ಲಿ ನಳದ ನೀರು, ಎರಡರಲ್ಲೂ ಒಂದೊಂದು ಕೈ. ನೀರಿನ ಮೂಲಕ ಬಹಳ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುತ್ತಾರೆ. ಇರುವೆ ಹರಿದಾಡಿದಂತೆ ಚುರುಚುರು ಅನ್ನುತ್ತದೆ. 20ರಿಂದ 30 ನಿಮಿಷ, ಮೊದಲಿಗೆ ವಾರಕ್ಕೆ ಮೂರು ಸಲ. ಹೊಸದೇನಲ್ಲ, 1950ರ ದಶಕದಿಂದ ಬಳಕೆಯಲ್ಲಿದೆ. ಮೂರು ವಾರ ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಅಡ್ಡಾಡಿದೆ. ಸಾವಕಾರರು ಮಧ್ಯಾಹ್ನದ ಮೇಲೆ ರಜೆ ಕೊಟ್ಟರು. ಎಂಟನೇ ಸಲದ ನಂತರ ಒಂದು ಮುಂಜಾನೆ ಪೇಪರ್ ಓದಿ ಕೆಳಗಿಟ್ಟೆ. ಬೆರಳಿಗೆ ಮಸಿ ಹತ್ತಿರಲಿಲ್ಲ. ಅವತ್ತಿನ ಖುಷಿ ಬೇರೆಯವರಿಗೆ ತಿಳಿಯುವುದು ಕಷ್ಟ.

ಆದರೆ ಇದು ಕಾಯಂ ಗುಣವಲ್ಲ. ಬಿಟ್ಟರೆ ಬೆವರು ಮರಳುತ್ತದೆ, ವಾರ-ಹದಿನೈದು ದಿನಕ್ಕೊಮ್ಮೆ ಮಾಡಿಸುತ್ತಲೇ ಇರಬೇಕು. ಗರ್ಭಿಣಿಯರು, ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ಮೂಳೆಗೆ ಲೋಹದ ಸಳಿ ಹಾಕಿಸಿಕೊಂಡವರು ಡಾಕ್ಟರರಿಗೆ ಮೊದಲೇ ಹೇಳಬೇಕು. ಇಂಥವರಿಗೆ ಇದು ನಡೆಯುವುದಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿ ಮನೆಯಲ್ಲೇ ವೈರು ಜೋಡಿಸುವ ಸಾಹಸ ಯಾರೂ ಮಾಡಬೇಡಿ. ನೀರು ಮತ್ತು ಕರೆಂಟು, ಜೀವದ ಮಾತು.

ಮೂರನೆಯದು ಗುಳಿಗೆ. ಗ್ಲೈಕೊಪೈರೋಲೇಟ್, ಆಕ್ಸಿಬ್ಯುಟಿನಿನ್ ಜಾತಿಯವು. ಇವು ಇಡೀ ಮೈಯ ಬೆವರು ಇಳಿಸುತ್ತವೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಕೆಲವರಿಗೆ ಮೂತ್ರ ಕಟ್ಟುತ್ತದೆ. ಕಣ್ಣಿನ ಗ್ಲೊಕೋಮಾ ಇದ್ದವರಿಗೆ ಅಪಾಯ. ನಮ್ಮ ಭಾಗಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಏಪ್ರಿಲ್-ಮೇದಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರೇ ಬಾರದಿದ್ದರೆ ಮೈ ತಂಪಾಗುವ ದಾರಿ ಇಲ್ಲ, ಬಿಸಿಲಾಘಾತ ಆಗಬಹುದು. ಹೊಲದಲ್ಲಿ, ರಸ್ತೆ ಕಾಮಗಾರಿಯಲ್ಲಿ ದುಡಿಯುವವರು ಡಾಕ್ಟರರಿಗೆ ಕೇಳದೆ ಈ ಗುಳಿಗೆ ಮುಟ್ಟಲೇಬಾರದು. ನಾನು ಹದಿನೈದು ದಿನ ತಗೊಂಡು ಬಿಟ್ಟೆ. ರೊಟ್ಟಿ ನುಂಗಲಾಗದಷ್ಟು ಬಾಯಿ ಒಣಗುತ್ತಿತ್ತು.

ನಾಲ್ಕನೆಯದು ಬೊಟುಲಿನಂ ಸೂಜಿ. ಇದನ್ನು ಕಂಕುಳ ಬೆವರಿಗೆ 2004ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿತು. ಒಮ್ಮೆ ಹಾಕಿಸಿದರೆ ನಾಲ್ಕಾರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ದಿನ ಬೆವರು ನಿಲ್ಲುತ್ತದೆ. ಅಂಗೈಗೆ ಹಾಕುವಾಗ ನೋವು ಜಾಸ್ತಿ, ಕೆಲವು ದಿನ ಹಿಡಿತ ಸಡಿಲಾಗಬಹುದು. ಖರ್ಚೂ ನಮ್ಮಂಥವರಿಗೆ ಭಾರ. ಕಂಕುಳಿಗೆ ಒರೆಸಿಕೊಳ್ಳುವ ಗ್ಲೈಕೊಪೈರೋನಿಯಂ ಬಟ್ಟೆಗೂ 2018ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದೆ.

ಕೊನೆಯ ಮೆಟ್ಟಿಲು ಆಪರೇಷನ್. ಎದೆಯೊಳಗೆ ಬೆನ್ನುಮೂಳೆಯ ಪಕ್ಕ ಇಳಿಯುವ ನರದ ಸರಪಳಿಯನ್ನು ದುರ್ಬೀನಿನ ಸಹಾಯದಿಂದ ಕತ್ತರಿಸುತ್ತಾರೆ ಅಥವಾ ಕ್ಲಿಪ್ ಹಾಕುತ್ತಾರೆ. ಅಂಗೈ ತಕ್ಷಣ ಒಣಗುತ್ತದೆ. ಆದರೆ ಬಹಳ ಮಂದಿಗೆ ಆ ಬೆವರು ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಹೊರಡುತ್ತದೆ. ಆಪರೇಷನ್ ಮಾಡಿಸಿಕೊಂಡ ನನ್ನ ಪರಿಚಯದ ಒಬ್ಬರು ಹೇಳಿದ್ದು: 'ಕೈ ಕೊಡಲಿಕ್ಕ ಅಂಜಿಕಿ ಇಲ್ಲ. ಆದರ ದಿನಕ್ಕ ಮೂರು ಅಂಗಿ ಬದಲಸ್ತೀನಿ.' ಕತ್ತರಿಸಿದ ನರ ಮತ್ತೆ ಜೋಡಿಸುವುದು ಸುಲಭವಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಒಂದು ಖಾತೆಯ ಬಾಕಿ ಇನ್ನೊಂದು ಖಾತೆಗೆ ಜಮೆ. ಬೇರೆಲ್ಲ ಮಾಡಿ ಆದಮೇಲೆ, ನೂರು ಸಲ ವಿಚಾರ ಮಾಡಿ ಮುಂದುವರಿಯಬೇಕಾದ ದಾರಿ ಇದು.

ಈ ಬೆವರು ಬಂದರೆ ತಡ ಮಾಡಬೇಡಿ

ಎಲ್ಲ ಬೆವರೂ ನಾನು ಹೇಳಿದ ಬೆವರಲ್ಲ. ಬೇರೆ ರೋಗದ ಸುದ್ದಿ ತರುವ ಬೆವರೂ ಇದೆ.

* ರಾತ್ರಿ ಹಾಸಿಗೆ ತೋಯುವಷ್ಟು ಬೆವರು, ಜೊತೆಗೆ ಎರಡು ವಾರ ಮೀರಿದ ಕೆಮ್ಮು, ಜ್ವರ, ತೂಕ ಇಳಿತ ಇದ್ದರೆ ಕ್ಷಯದ ತಪಾಸಣೆ ಮಾಡಿಸಿ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕಫದ ತಪಾಸಣೆ ಮತ್ತು ಔಷಧ ಪುಕ್ಕಟೆ.

* ಎದೆನೋವು, ಉಸಿರಾಟದ ತ್ರಾಸು, ತಣ್ಣನೆ ಬೆವರು ಕೂಡಿ ಬಂದರೆ ಹೃದಯಾಘಾತ ಇರಬಹುದು. ಕೂಡಲೇ ದೊಡ್ಡ ದವಾಖಾನೆಗೆ ಹೋಗಿ.

* ಸಕ್ಕರೆ ಬೇನೆಗೆ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ಒಮ್ಮೆಲೇ ಬೆವರು, ನಡುಕ, ಕಣ್ಣಿಗೆ ಕತ್ತಲೆ ಬಂದರೆ ರಕ್ತದ ಸಕ್ಕರೆ ಇಳಿದಿರಬಹುದು. ಎಚ್ಚರ ಇದ್ದರೆ ತಕ್ಷಣ ಸಕ್ಕರೆ ತಿನ್ನಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಒಯ್ಯಿರಿ.

* ಇಡೀ ಮೈ ಬೆವರು, ಎದೆ ಡವಡವ, ಊಟ ಮಾಡಿದರೂ ಸೊರಗುವುದು ಥೈರಾಯ್ಡಿನ ಲಕ್ಷಣವಿರಬಹುದು.

* ಮುಟ್ಟು ನಿಲ್ಲುವ ವಯಸ್ಸಿನ ತಾಯಂದಿರಿಗೆ ಮೈ ಝಳ ಹೊಡೆದು ಬೆವರುವುದು ಸಾಮಾನ್ಯ. ಕಾಡಿದರೆ ಡಾಕ್ಟರರಿಗೆ ಹೇಳಿ, ಸಹಿಸಿಕೊಂಡು ಕೂಡಬೇಡಿ.

* ಹೊಸ ಗುಳಿಗೆ ಶುರು ಮಾಡಿದ ಮೇಲೆ ಬೆವರು ಹೆಚ್ಚಿದರೆ ಆ ಗುಳಿಗೆಯ ಚೀಟಿ ತೋರಿಸಿ ಕೇಳಿ.

ಕಾಲು ಬೆವರುವವರು ಹತ್ತಿಯ ಸಾಕ್ಸ್ ಹಾಕಿ, ದಿನಾ ಬದಲಿಸಿ. ಒಂದೇ ಜೋಡಿ ಬೂಟು ದಿನಾ ಹಾಕಬೇಡಿ, ಒಂದು ದಿನ ಒಣಗಲು ಬಿಡಿ. ಅಂಗಾಲಿನಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು ಗಬ್ಬು ವಾಸನೆ ಬಂದರೆ ಅದು ಬ್ಯಾಕ್ಟೀರಿಯಾ ಸೋಂಕು, ಹಚ್ಚುವ ಔಷಧದಿಂದ ಗುಣವಾಗುತ್ತದೆ.

ಮೂರನೇ ತಲೆಮಾರು

ಇಷ್ಟೆಲ್ಲ ಮನೆಯ ಮಾತು ಪೇಪರಿನಲ್ಲಿ ಬರೆಯುತ್ತಿರುವುದಕ್ಕೆ ಕಾರಣ ನನ್ನ ಅಕ್ಕನ ಮಗಳು. ಜತ್ತ ತಾಲೂಕಿನ ಹಳ್ಳಿಯಲ್ಲಿ ಕನ್ನಡ ಶಾಲೆಗೆ ಹೋಗುತ್ತಾಳೆ, ಈ ಸಲ ಹತ್ತನೇತ್ತೆ. ಅಭ್ಯಾಸದಲ್ಲಿ ಮುಂದು. ದೀಪಾವಳಿಗೆ ಊರಿಗೆ ಹೋದಾಗ ಅಕ್ಕ ಹೇಳಿದಳು, 'ಮುಂದ ಸಾಲಿ ಬ್ಯಾಡಂತ ಹಟ ಹಿಡದಾಳ. ಕಾರಣ ಕೇಳಿದ್ರ ಹೇಳೂದಿಲ್ಲ.' ಹುಡುಗಿ ಮಾತಾಡುತ್ತ ಕೂತಾಗ ಎರಡೂ ಕೈ ಓಢಣಿಯೊಳಗೆ ಮುಚ್ಚಿಕೊಂಡಿದ್ದಳು. ನನಗೆ ಬೇರೆ ಕಾರಣ ಬೇಕಾಗಲಿಲ್ಲ.

ನನ್ನ ಅಂಗೈ ತೆಗೆದು ತೋರಿಸಿದೆ. 'ನೋಡವ್ವಾ, ನನಗೂ ಅದ. ನಿನ್ನ ಅಜ್ಜಗೂ ಅದ.' ಆಕೆ ಮೊದಲು ನಂಬಲಿಲ್ಲ. ಆಮೇಲೆ ಓಢಣಿಯಿಂದ ಕೈ ತೆಗೆದಳು. ನರ್ಸಿಂಗ್ ಕಲಿಯಬೇಕಂತ ಆಸೆ. 'ಪೇಶಂಟ್ ಕೈ ಹಿಡದರ ಅವರು ಹೇಸ್ಕೋತಾರಲ್ಲ ಮಾಮಾ' ಅನ್ನುವುದು ಆಕೆಯ ದುಃಖ. ಒಂದು ಅಂಗೈಯ ನೀರು ಒಬ್ಬ ಜಾಣೆ ಹುಡುಗಿಯ ದಾರಿಯನ್ನೇ ತಿರುಗಿಸಲು ಹೊರಟಿತ್ತು.

ಚರ್ಮದ ಡಾಕ್ಟರರಿಗೆ ತೋರಿಸಿದ್ದೇವೆ. ಸದ್ಯ ರಾತ್ರಿ ಹಚ್ಚುವ ಔಷಧ ನಡೆದಿದೆ. ಬೇಕಾದರೆ ರಜೆಯಲ್ಲಿ ನೀರು-ಕರೆಂಟಿನ ಚಿಕಿತ್ಸೆ ಅಂದಿದ್ದಾರೆ. ಶಾಲೆಯ ಹೆಡ್ ಮಾಸ್ತರರನ್ನು ಭೇಟಿಯಾಗಿ ವಿಷಯ ಹೇಳಿದೆವು. ಬರೆಯುವಾಗ ಕೈ ಕೆಳಗೆ ನ್ಯಾಪ್ಕಿನ್ ಇಟ್ಟುಕೊಳ್ಳಲು ಒಪ್ಪಿದ್ದಾರೆ, ಬೋರ್ಡ್ ಪರೀಕ್ಷೆ ಹೊತ್ತಿಗೆ ಡಾಕ್ಟರರ ಚೀಟಿ ತಂದುಕೊಡಿ ಅಂದಿದ್ದಾರೆ. ಇಂಥ ಮಕ್ಕಳು ಪ್ರತಿ ಶಾಲೆಯಲ್ಲೂ ಒಬ್ಬಿಬ್ಬರು ಇರಬಹುದು. ಗುರುಗಳು ನಗದೆ ಒಂದು ಮಾತು ಕೇಳಿದರೆ ಅರ್ಧ ಬೇನೆ ಕಡಿಮೆ.

ರೇಷನ್ ಅಂಗಡಿಯವರಿಗೂ ಒಂದು ವಿನಂತಿ. ಮಷಿನ್ ಪಕ್ಕ ಒಂದು ಒಣ ಬಟ್ಟೆ ಇಡಿ. ಆಧಾರದಲ್ಲಿ ಬೆರಳಷ್ಟೇ ಅಲ್ಲ, ಕಣ್ಣಿನ ಪಾಪೆಯ ಗುರುತೂ ಇದೆ. ಬೆರಳು ಒಪ್ಪಲಿಲ್ಲವೆಂದು ಯಾರನ್ನೂ ಬರಿಗೈಲಿ ಕಳಿಸಬೇಡಿ.

ಮೊನ್ನೆ ರಾತ್ರಿ ಅಪ್ಪನ ಫೋನ್ ಬಂತು. ಒಂದು ತಾಸು ಮಳೆ-ಬೆಳೆ ಮಾತಾಡಿದ. ಇಡುವ ಮುಂಚೆ ಸಣ್ಣ ದನಿಯಲ್ಲಿ ಕೇಳಿದ, 'ಆ ಹಚ್ಚೂ ಔಷಧ, ಈ ವಯಸ್ಸಿನ್ಯಾಗ ನನಗ ನಡೀತದೇನು?' ಡಾಕ್ಟರರನ್ನು ಕೇಳಿದೆ. ನಡೆಯುತ್ತದೆ ಅಂದರು. ಬರುವ ಸೋಮವಾರ ಅಪ್ಪನನ್ನು ಕರೆದುಕೊಂಡು ಹೋಗುವವನಿದ್ದೇನೆ.